ಎಲೆಯಡಿಯ ಹಳದಿ ಗೂಡುಗಳು

ಎಲೆಕೋಸು ಬೆಳೆದವರಿಗೆ ಈ ಸಂಕಟವನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಸಂಜೆ ನೋಡಿದಾಗ ಎಲೆ ಅಗಲವಾಗಿ, ನುಣ್ಣಗೆ, ಕೈಯಾಡಿಸಬೇಕು ಅನ್ನಿಸುವ ಹಾಗಿರುತ್ತದೆ. ಬೆಳಗ್ಗೆ ಎದ್ದು ಹೋದರೆ ಜರಡಿ. ಅಲ್ಲೊಂದು ತೂತು, ಇಲ್ಲೊಂದು ತೂತು, ನಡುವೆ ಹಸಿರು ಹಿಕ್ಕೆ. ಬಗ್ಗಿ ನೋಡಿದರೆ ಹಸಿರು ಹುಳ ಹೊಟ್ಟೆ ತುಂಬಿಸಿಕೊಂಡು ಅಳಿಯನ ಗತ್ತಿನಲ್ಲಿ ಮಲಗಿರುತ್ತದೆ. ಯಾರಿಗೆ ತಾನೇ ಹೊಟ್ಟೆ ಉರಿಯುವುದಿಲ್ಲ, ಹೇಳಿ?

ಕೋಸಣ್ಣನಿಗೂ ಒಂದು ಬೆಳಗ್ಗೆ ಹಾಗೇ ಉರಿಯಿತು. ಕೋಸಣ್ಣ ಅನ್ನುವುದು ಹೆತ್ತವರು ಇಟ್ಟ ಹೆಸರಲ್ಲ. ಊರಂಚಿನ ತರಕಾರಿ ತೋಟಗಳ ಸಾಲಿನಲ್ಲಿ ಅವನ ಕೋಸಿನಷ್ಟು ಗಟ್ಟಿ ಕೋಸು ಇನ್ನೊಬ್ಬರದಿರಲಿಲ್ಲ. ಕೊಳ್ಳಲು ಬರುವವರು ಹಾಗೆ ಕರೆದು ಕರೆದು ಅದೇ ನಿಂತುಬಿಟ್ಟಿತು. ಅವನು ತೂತು ಬಿದ್ದ ಎಲೆಯನ್ನು ಮುರಿದು ಕೈಯಲ್ಲಿ ಹಿಡಿದು, ಪಂಪಿನ ಶೆಡ್ಡಿನ ಕಡೆ ತಿರುಗಿ ಕೂಗಿದ.

"ಪುಟ್ಟೀ, ಡ್ರಮ್ಮಿಗೆ ನೀರು ತುಂಬಿಸಿಡು. ಔಷಧಿ ಹೊಡೀಬೇಕು."

"ಆಯ್ತಪ್ಪಾ" ಎಂದು ಮಗಳ ದನಿ ಬಂತು.

ಔಷಧಿ ಕಲೆಸುವುದು ಆ ಮನೆಯಲ್ಲಿ ಹೆಣ್ಣಿನ ಕೆಲಸ. ಹೀಗೆಂದು ಯಾರೂ ಕಟ್ಟಪ್ಪಣೆ ಮಾಡಿರಲಿಲ್ಲ. ಕೋಸಣ್ಣ ಪಂಪು ಬೆನ್ನಿಗೇರಿಸಿ ಹೊಡೆಯುವನು, ಅವನ ಹೆಂಡತಿ ಬಕೆಟ್ಟಿನಲ್ಲಿ ಕಲೆಸಿ ಕಲೆಸಿ ತಂದು ಸುರಿಯುವಳು. ವರ್ಷಗಟ್ಟಲೆ ಹಾಗೇ ನಡೆಯಿತು. ಹೋದ ವರ್ಷ ಅವಳು ತೀರಿಕೊಂಡಳು. ಬಕೆಟ್ಟು, ಕೋಲು ಎರಡೂ ಮಾತಿಲ್ಲದೆ ಮಗಳ ಕೈಗೆ ಬಂದವು. ಪುಟ್ಟಿ ಅಂತ ಕರೆದರೂ ಮದುವೆಗೆ ಬಂದ ಹುಡುಗಿ. ತಾಯಿ ಬಿಟ್ಟುಹೋದ ಕೆಲಸವನ್ನೆಲ್ಲ ಒಂದೊಂದಾಗಿ ಎತ್ತಿಕೊಂಡಿದ್ದಳು.

ಹೆಂಡತಿ ಹೇಗೆ ತೀರಿಕೊಂಡಳು ಎಂದು ಕೇಳಿದರೆ ಕೋಸಣ್ಣ ಎರಡೇ ಮಾತು ಹೇಳುತ್ತಿದ್ದ. "ಬಿಸಿಲು ಬಡೀತು." ಮೇಲೆ ಕೆದಕಿದರೆ ಎದ್ದು ಹೋಗುತ್ತಿದ್ದ. ಅವತ್ತು ಬಿಸಿಲಿದ್ದದ್ದು ನಿಜ. ಎಲೆ ಅಲ್ಲಾಡದಷ್ಟು ಗಾಳಿ ಸತ್ತಿದ್ದದ್ದೂ ನಿಜ. ಅವಳು ಬೆಳಗಿನಿಂದ ಬರಿಗೈಯಲ್ಲಿ ಕಲೆಸಿ, ಮಧ್ಯಾಹ್ನ ಪಂಪು ತೊಳೆದಿಟ್ಟು, ತಲೆ ಸುತ್ತುತ್ತದೆ ಎಂದು ಶೆಡ್ಡಿನಲ್ಲಿ ಮಲಗಿದಳು. ಬಾಯಲ್ಲಿ ಜೊಲ್ಲು ಸುರಿಯತೊಡಗಿತು. ಕಣ್ಣ ಪಾಪೆ ಸಾಸಿವೆಯಷ್ಟಾಗಿತ್ತು. ಕೋಸಣ್ಣ ನೀರು ಚಿಮುಕಿಸಿದ, ಗಾಳಿ ಬೀಸಿದ, ಸ್ವಲ್ಪ ತಣ್ಣಗಾದರೆ ಸರಿಹೋಗುತ್ತಾಳೆ ಎಂದುಕೊಂಡ. ಆಸ್ಪತ್ರೆಗೆ ಹೊತ್ತುಕೊಂಡು ಹೋಗುವಷ್ಟರಲ್ಲಿ ಉಸಿರು ಮೇಲೆ ಕೆಳಗೆ ಆಗುತ್ತಿತ್ತು. ಯಾವ ಔಷಧಿ ಕಲೆಸಿದ್ದರು ಎಂದು ಡಾಕ್ಟರು ಕೇಳಿದಾಗ, "ಔಷಧಿ ಅಲ್ಲ ಸಾರ್, ಬಿಸಿಲು" ಎಂದುಬಿಟ್ಟ. ಸಂಜೆಯೊಳಗೆ ಎಲ್ಲ ಮುಗಿದಿತ್ತು. ಆ ಮಾತನ್ನು ಅವನು ಅಂದಿನಿಂದ ಹಾಗೇ ಹಿಡಿದುಕೊಂಡಿದ್ದ.

ಡ್ರಮ್ಮಿಗೆ ನೀರು ತುಂಬಿಸಲು ಹೇಳಿದ ಆ ಬೆಳಗ್ಗೆಯೇ ನಾದಿನಿ ಬಂದಳು. ಸತ್ತವಳ ಒಡಹುಟ್ಟಿದ ತಂಗಿ. ಕೃಷಿ ಸಂಶೋಧನೆಯ ಫಾರಂ ಒಂದರಲ್ಲಿ, ಬೆಳೆಗೆ ಉಪಕಾರಿಯಾದ ಹುಳಗಳನ್ನು ಗಾಜಿನ ಪೆಟ್ಟಿಗೆಗಳಲ್ಲಿ ಸಾಕುವ ಕೋಣೆಯಲ್ಲಿ ಅವಳಿಗೆ ಕೆಲಸ. ರಜೆ ಸಿಕ್ಕಾಗ ಅಕ್ಕನ ಮಗಳನ್ನು ನೋಡಲು ಬರುತ್ತಿದ್ದಳು. ಬಂದವಳು ಮನೆಯೊಳಗೂ ಹೋಗದೆ ಸೀದಾ ತೋಟಕ್ಕಿಳಿದಳು. ಪುಟ್ಟಿ ಎಲೆಗಳನ್ನು ಮಗುಚಿ ಮಗುಚಿ ನೋಡುತ್ತಾ, ಏನನ್ನೋ ಕೆರೆದು, ಬಿಸಿನೀರು ತುಂಬಿದ ಡಬ್ಬಿಗೆ ಹಾಕುತ್ತಿದ್ದಳು.

"ಇದೇನೇ ಇದು?"

"ಹುಳದ ಮೊಟ್ಟೆ ಚಿಕ್ಕಮ್ಮ. ಅಮ್ಮ ಹೇಳಿಕೊಟ್ಟಿದ್ದು. ಹೊತ್ತು ಏರೋದ್ರೊಳಗೆ ಇದನ್ನ ಆರಿಸಿಬಿಟ್ರೆ ಅರ್ಧ ಹುಳ ಕಮ್ಮಿ ಅಂತಿದ್ಲು. ಈಗ ಸಾಲಿನಲ್ಲಿ ಎಲ್ಲರೂ ಹೀಗೇ ಮಾಡ್ತಾರೆ. ಅಮ್ಮನ್ನ ಎಲ್ಲರೂ ಅಕ್ಕ ಅಂತಿದ್ರಲ್ಲ, ಅದಕ್ಕೇ ಅಕ್ಕನ ಡಬ್ಬಿ ಅಂತಾನೇ ಹೆಸರು."

ನಾದಿನಿ ಡಬ್ಬಿಯೊಳಗೆ ನೋಡಿದಳು. ಅಕ್ಕಿಕಾಳಿಗಿಂತ ಸಣ್ಣಗಿನ ಹಳದಿ ಗೂಡುಗಳು, ನೂಲಿನಲ್ಲಿ ಸುತ್ತಿಟ್ಟ ಹಾಗಿದ್ದವು, ಗುಂಪು ಗುಂಪಾಗಿ ನೀರಿನಲ್ಲಿ ತೇಲುತ್ತಿದ್ದವು. ಅವಳು ಡಬ್ಬಿಯನ್ನು ಪಕ್ಕಕ್ಕೆ ಸರಿಸಿದಳು. ಆಮೇಲೆ ಪುಟ್ಟಿಯ ಕೈ ಹಿಡಿದು ತಿರುಗಿಸಿ ನೋಡಿದಳು. ಬೆರಳುಗಳ ಸಂದಿಯಲ್ಲಿ ಚರ್ಮ ಬಿರಿದಿತ್ತು. ಕಣ್ಣು ಕೆಂಪಗಿತ್ತು.

"ನಿದ್ದೆ ಸರಿಯಾಗಿಲ್ವಾ?"

"ಹಾಗಲ್ಲ ಚಿಕ್ಕಮ್ಮ, ಮೊನ್ನೆ ಇನ್ನೊಂದು ಮಡಿಗೆ ಔಷಧಿ ಕಲೆಸಿದ್ನಲ್ಲ, ಕಲೆಸಿದಾಗೆಲ್ಲ ಹೀಗೇ. ಆಮೇಲೆ ಸರಿಹೋಗುತ್ತೆ."

ನಾದಿನಿ ಆ ಕೈಯನ್ನು ಬಿಡಲಿಲ್ಲ. ಅಕ್ಕನೂ ಇದೇ ಮಾತು ಹೇಳುತ್ತಿದ್ದಳು.

ಊಟದ ಹೊತ್ತಿಗೆ ಅಡುಗೆಮನೆಯಲ್ಲಿ ಮೂವರೂ ಕೂತಿದ್ದಾಗ ಅವಳು ಮಾತು ತೆಗೆದಳು. "ಭಾವ, ಒಂದು ಮಾತು ಹೇಳ್ತೀನಿ, ಕೋಪ ಮಾಡ್ಕೋಬೇಡಿ. ಔಷಧಿ ಹೊಡೆಯೋದನ್ನ ಈ ಸಲ ಸ್ವಲ್ಪ ತಡೀರಿ."

"ತಡೆದ್ರೆ ನೀನು ಬಂದು ಹುಳ ತಿಂತೀಯಾ?"

"ತಿನ್ನೋರು ಬೇರೆ ಇದ್ದಾರೆ. ಗಿಡಾನೇ ಅವರನ್ನ ಕರೀತಾ ಇದೆ."

ಕೋಸಣ್ಣ ಮೂಗು ಮುರಿದ. "ಹೌದಾ? ಫೋನ್ ಮಾಡಿ ಕರೆಯುತ್ತಾ?"

ಪುಟ್ಟಿ ನಕ್ಕಳು. ಆ ಮನೆಯಲ್ಲಿ ನಗು ಕೇಳಿ ಬಹಳ ದಿನವಾಗಿತ್ತು. ನಾದಿನಿಯೂ ನಕ್ಕಳು. "ಹೆಚ್ಚುಕಮ್ಮಿ ಹಾಗೇ ಭಾವ. ಗಿಡಕ್ಕೆ ಕಾಲಿಲ್ಲ, ಓಡಿಹೋಗಕ್ಕಾಗಲ್ಲ. ಕೈಯಿಲ್ಲ, ಹುಳ ಕಿತ್ತು ಬಿಸಾಕಕ್ಕಾಗಲ್ಲ. ಹಾಗಂತ ಸುಮ್ನೆ ತಿನ್ನಿಸ್ಕೊಂಡು ನಿಂತಿರಲ್ಲ. ಹುಳ ಕಚ್ಚಿದಾಗ ಅದರ ಎಂಜಲು ಎಲೆಗೆ ತಾಗುತ್ತೆ. ಕತ್ತೀಲಿ ಕುಯ್ದಿದ್ದಕ್ಕೂ ಹುಳ ಕಚ್ಚಿದ್ದಕ್ಕೂ ಇರೋ ವ್ಯತ್ಯಾಸ ಗಿಡಕ್ಕೆ ಗೊತ್ತಾಗುತ್ತೆ. ಆಗ ತನ್ನ ಎಲೇಲಿ ಘಾಟಿನ ರಸ ಹೆಚ್ಚು ಮಾಡ್ಕೊಳ್ಳುತ್ತೆ. ಜೊತೆಗೆ ಒಂದು ಥರಾ ವಾಸನೆ ಗಾಳಿಗೆ ಬಿಡುತ್ತೆ. ಪಕ್ಕದ ಗಿಡಕ್ಕೆ ಆ ವಾಸನೆ ತಾಗಿದ್ರೆ ಅದೂ ಹುಷಾರಾಗೋದುಂಟು."

"ನಾನು ದಿನಾ ಅದೇ ತೋಟದಲ್ಲಿ ಇರ್ತೀನಲ್ಲ, ನನಗೆ ಯಾವ ವಾಸನೇನೂ ಬಂದಿಲ್ಲ."

"ಅದು ನಮ್ಮನ್ನ ಕರೀತಾ ಇಲ್ಲ ಭಾವ, ಕಣಜಾನ ಕರೀತಾ ಇದೆ. ನಮ್ಮನ್ನ ಕಚ್ಚೋ ದೊಡ್ಡ ಕಣಜ ಅಲ್ಲ. ಇರುವೆಗೆ ರೆಕ್ಕೆ ಬಂದ್ರೆ ಎಷ್ಟಿರುತ್ತೋ ಅಷ್ಟೇ. ಆ ವಾಸನೆ ಹಿಡಿದು ಬರುತ್ತೆ, ಎಲೆ ತಿಂತಾ ಇರೋ ಹುಳಾನ ಹುಡುಕಿ ಅದರ ಮೈಯೊಳಗೆ ಮೊಟ್ಟೆ ಇಡುತ್ತೆ. ಮರಿಗಳು ಹುಳದ ಒಳಗೇ ಬೆಳೀತವೆ. ಬೆಳೆದ ಮೇಲೆ ಈಚೆ ಬಂದು ಹಳದಿ ಗೂಡು ಕಟ್ಕೊಳ್ತವೆ. ಹುಳ ಅಲ್ಲೇ ಸೊರಗಿ ಸಾಯುತ್ತೆ. ನಮ್ಮ ಫಾರಮ್ಮಿನಲ್ಲಿ ನಾನು ಸಾಕೋದು ಅವನ್ನೇ."

"ಹಳದಿ ಗೂಡಾ?" ಎಂದಳು ಪುಟ್ಟಿ. ತುತ್ತು ಕೈಯಲ್ಲೇ ನಿಂತಿತು.

ನಾದಿನಿ ತಲೆ ತಗ್ಗಿಸಿದಳು. ಡಬ್ಬಿಯೊಳಗೆ ನೋಡಿದಾಗ ಹೇಳಬಾರದೆಂದು ಅವಳು ಮನಸ್ಸಿನಲ್ಲೇ ಅಂದುಕೊಂಡಿದ್ದಳು. ಆದರೆ ಪುಟ್ಟಿಯ ಕೈ ನೋಡಿದ ಮೇಲೆ ಹೇಗೆ ಸುಮ್ಮನಿರುವುದು? "ಹೌದು ಪುಟ್ಟಿ. ನೀನು ಡಬ್ಬೀಲಿ ಹಾಕ್ತಾ ಇದ್ದದ್ದು ಹುಳದ ಮೊಟ್ಟೆ ಅಲ್ಲ. ಹುಳದ ಮೊಟ್ಟೇನೂ ಹಳದೀನೇ, ಆದ್ರೆ ಅದು ಇನ್ನೂ ಸಣ್ಣದು, ಎಲೆಗೆ ಅಂಟಿಕೊಂಡು ನೆಟ್ಟಗೆ ಸಾಲಾಗಿ ನಿಂತಿರುತ್ತೆ, ನೂಲಿರಲ್ಲ. ನೂಲು ಸುತ್ತಿದ ಹಾಗಿದ್ದು, ಪಕ್ಕದಲ್ಲಿ ಸೊರಗಿದ ಹುಳ ಬಿದ್ದಿದ್ರೆ ಅದು ಕಣಜದ ಗೂಡು."

ಕೋಸಣ್ಣನ ಮುಖ ಗಂಟಿಕ್ಕಿತು. ಈ ಮಾತು ಎಲ್ಲಿಗೆ ಹೋಗಿ ನಿಲ್ಲುತ್ತದೆ ಎಂದು ಅವನಿಗೆ ಆಗಲೇ ಕಂಡಿತ್ತು.

ನೀವೇ ಯೋಚಿಸಿ. ಅವನ ಹೆಂಡತಿಯ ಕಣ್ಣು ಬಲು ಚುರುಕು. ಎಲೆಯಡಿ ಅಡಗಿದ ಆ ಹಳದಿ ಚುಕ್ಕೆಯನ್ನು ಬದುವಿನ ಮೇಲೆ ನಿಂತೇ ಹೇಳುತ್ತಿದ್ದಳು. ನಿನ್ನ ಕಣ್ಣೇ ಕಣ್ಣು ಎಂದು ಅವನು ಹೊಗಳುತ್ತಿದ್ದ, ಅವಳು ಹಿಗ್ಗುತ್ತಿದ್ದಳು. ಅವಳು ಆರಿಸಿ ಕೊಂದದ್ದು ಹುಳ ಕೊಲ್ಲಲು ಬಂದ ಕಣಜವನ್ನಾದರೆ, ಹುಳ ಹೆಚ್ಚಿದ್ದು ಅದರಿಂದ. ಹುಳ ಹೆಚ್ಚಿದ್ದಕ್ಕೆ ಔಷಧಿ ಹೆಚ್ಚಿತು. ಔಷಧಿಗೆ ಉಳಿದ ಕಣಜವೂ ಸತ್ತಿತು, ಅದಕ್ಕೇ ಮತ್ತೆ ಔಷಧಿ. ಅದನ್ನೆಲ್ಲ ಕಲೆಸಿದವಳು ಅವಳು. ಬಿಸಿಲು ಬಡಿಯಿತು ಎನ್ನುವ ಎರಡು ಮಾತಿನ ಕೆಳಗೆ ಕೋಸಣ್ಣ ಮುಚ್ಚಿಟ್ಟದ್ದೆಲ್ಲ ಹೀಗೆ ಒಂದೊಂದಾಗಿ ಈಚೆ ಬರುತ್ತಿತ್ತು.

ಅವನು ತಟ್ಟೆ ಸರಿಸಿದ. "ಸತ್ತವಳ ಮೇಲೆ ತಪ್ಪು ಹೊರಿಸಕ್ಕೆ ಬಂದ್ಯಾ? ನಿನ್ನ ಸ್ವಂತ ಅಕ್ಕ ಕಣಮ್ಮ ಅವಳು!"

"ನಾನೇನು ಹೊರಗಿನವಳಾ ಭಾವ?" ಎಂದಳು ನಾದಿನಿ. "ಹಿಂದೆ ಒಂದು ಸಲ ನಾನು ಅಕ್ಕನಿಗೆ ಹೇಳಿದ್ದೆ. ಹೋಗೇ, ನೀನು ಗಾಜಿನ ಪೆಟ್ಟಿಗೇಲಿ ಬೇಸಾಯ ಮಾಡೋಳು ಅಂತ ನಕ್ಕುಬಿಟ್ಲು. ನಾನೂ ನಕ್ಕು ಸುಮ್ನಾದೆ. ಅವತ್ತು ಜಗಳ ಆಡಬೇಕಿತ್ತು. ಅದಕ್ಕೇ ಇವತ್ತು ಆಡ್ತಾ ಇದ್ದೀನಿ."

"ಮೊಟ್ಟೆ ಅಂದ್ರೆ ಮೊಟ್ಟೆ. ಅದರಿಂದ ಹುಳಾನೇ ಬರೋದು."

"ಹಾಗಾದ್ರೆ ನೋಡೇಬಿಡೋಣ."

ನಾದಿನಿ ತೋಟಕ್ಕೆ ಹೋಗಿ ಗೂಡುಗಳಿರುವ ಎಲೆಯ ತುಂಡೊಂದನ್ನು ತಂದಳು. ಗಾಜಿನ ಜಾಡಿಯಲ್ಲಿಟ್ಟು, ಬಾಯಿಗೆ ತೆಳುಬಟ್ಟೆ ಕಟ್ಟಿ, ಅಡುಗೆಮನೆಯ ಕಿಟಕಿಯಲ್ಲಿ ನೆರಳಿರುವ ಕಡೆ ಇಟ್ಟಳು. "ಇದರಿಂದ ಹುಳ ಬಂದ್ರೆ ನಾನು ಈ ವಿಷಯಾನೇ ಎತ್ತಲ್ಲ. ಕಣಜ ಬಂದ್ರೆ ಪುಟ್ಟಿ ಇನ್ನು ಔಷಧಿ ಬಕೆಟ್ ಮುಟ್ಟಬಾರದು. ಅಲ್ಲೀವರೆಗೆ ಹೊಡೆಯೋದೂ ಬೇಡ. ಆಯ್ತಾ?"

"ಆಯ್ತು" ಎಂದ ಕೋಸಣ್ಣ. ಅವನಿಗೆ ಗೆದ್ದೇ ಗೆಲ್ಲುತ್ತೇನೆ ಎಂಬ ಹಟವಿತ್ತು. ನಾದಿನಿ ಮರುದಿನ ಕೆಲಸಕ್ಕೆ ಹಿಂದಿರುಗಿದಳು.

ಬೆಳೆದವನೊಬ್ಬ ತನ್ನ ಬೆಳೆಗೆ ಹುಳ ಬರಲಿ ಎಂದು ಬೇಡಿಕೊಂಡದ್ದನ್ನು ನೀವು ಎಲ್ಲಾದರೂ ಕೇಳಿದ್ದೀರಾ? ಕೋಸಣ್ಣ ಆ ದಿನಗಳಲ್ಲಿ ಬೇಡಿಕೊಂಡ. ಬೆಳಗ್ಗೆ ಎದ್ದ ತಕ್ಷಣ ಕಿಟಕಿಯ ಹತ್ತಿರ ಹೋಗಿ ಜಾಡಿಯನ್ನು ಕಣ್ಣಿಗೆ ಹತ್ತಿರ ಹಿಡಿಯುತ್ತಿದ್ದ. ಹುಳವೇ ಬರಲಿ, ಹಸಿರು ಹುಳವೇ ಬರಲಿ, ಇಡೀ ತೋಟ ತಿಂದರೂ ಸರಿ. ಹುಳ ಬಂದರೆ ಅವಳು ಮಾಡಿದ್ದು ಸರಿಯಾಗುತ್ತಿತ್ತು. ಔಷಧಿ ಬೇಕಾಗಿತ್ತು ಎಂದಾಗುತ್ತಿತ್ತು. ವಿಧಿ ಇರಲಿಲ್ಲ, ಹೋದಳು ಎಂದು ಸಮಾಧಾನ ಮಾಡಿಕೊಳ್ಳಬಹುದಿತ್ತು. ಪುಟ್ಟಿ ಮಾತ್ರ ಏನೂ ಕೇಳುತ್ತಿರಲಿಲ್ಲ. ಅಪ್ಪ ಜಾಡಿ ನೋಡುವಾಗ ಅವಳು ಒಲೆಯ ಕಡೆ ಮುಖ ಮಾಡಿ ನಿಲ್ಲುತ್ತಿದ್ದಳು.

ಇತ್ತ ತೋಟದಲ್ಲಿ ಹುಳ ತಿನ್ನುತ್ತಲೇ ಇತ್ತು. ಕೆಲವು ಹುಳ ಮಂಕಾಗಿ, ಅಲುಗಾಡದೆ ಕೂತಿದ್ದನ್ನು ಕೋಸಣ್ಣ ಕಂಡ. ಕಂಡೂ ಕಾಣದವನ ಹಾಗೆ ಮುಂದೆ ಹೋದ. ಪಕ್ಕದ ತೋಟದವನು ಬೇಲಿಯ ಮೇಲೆ ಕೈಯಿಟ್ಟು, "ಏನ್ ಕೋಸಣ್ಣ, ಈ ಸಲ ಹುಳಕ್ಕೇ ಬೆಳೆದಿದ್ದೀಯಾ?" ಎಂದು ಕೆಣಕಿದ. ಅದು ಅವನಿಗೆ ಚುಚ್ಚಿತು. ಸಂಜೆ ಮನೆಗೆ ಬಂದವನೇ, "ಕಾದಿದ್ದು ಸಾಕು. ಬೆಳಗ್ಗೆ ಕಲೆಸಿಡು" ಎಂದ.

"ಚಿಕ್ಕಮ್ಮ..." ಎಂದಳು ಪುಟ್ಟಿ.

"ಚಿಕ್ಕಮ್ಮ ಬಂದು ಕೋಸು ಮಾರಿಕೊಡ್ತಾಳಾ?"

ಅವಳು ಬಕೆಟ್ಟು ತೊಳೆದಿಡಲು ಎದ್ದಳು.

ಬೆಳಕು ಹರಿಯುವ ಹೊತ್ತಿಗೆ ಅವನಿಗೆ ಎಚ್ಚರವಾಯಿತು. ಅಭ್ಯಾಸಬಲದಿಂದ ಕಿಟಕಿಯ ಹತ್ತಿರ ಹೋದ. ಜಾಡಿಯ ಬಾಯಿಗೆ ಕಟ್ಟಿದ ಬಟ್ಟೆಯ ಒಳಗಡೆ ಕರಿ ಎಳ್ಳು ಚೆಲ್ಲಿದ ಹಾಗಿತ್ತು. ನೋಡುತ್ತಿದ್ದಂತೆ ಒಂದು ಎಳ್ಳು ನಡೆಯಿತು. ಇನ್ನೊಂದು ರೆಕ್ಕೆ ಬಿಚ್ಚಿತು. ಎಲೆಯ ಮೇಲಿನ ಹಳದಿ ಗೂಡುಗಳಿಗೆಲ್ಲ ತುದಿಯಲ್ಲಿ ಸಣ್ಣ ಬಾಗಿಲು ತೆಗೆದಂತೆ ತೂತು ಬಿದ್ದಿತ್ತು. ಒಂದೇ ಒಂದು ಹುಳ ಇರಲಿಲ್ಲ.

ಕೋಸಣ್ಣ ಜಾಡಿಯನ್ನು ಅಂಗೈಯಿಂದ ಮುಚ್ಚಿದ. ಅವನು ಸುತ್ತ ನೋಡಿದ. ಪುಟ್ಟಿ ಎದ್ದು ಆಗಲೇ ಶೆಡ್ಡಿಗೆ ಹೋಗಿದ್ದಳು. ಯಾರೂ ಕಂಡಿರಲಿಲ್ಲ. ಆಗ ಅವನಿಗೊಂದು ಯೋಚನೆ ಬಂತು. ಅದು ಒಳ್ಳೆಯ ಯೋಚನೆಯಲ್ಲ, ಆದರೆ ದುಃಖದಲ್ಲಿರುವವನನ್ನು ಹಿಡಿದು ನಿಲ್ಲಿಸುವವರು ಯಾರು? ಸರಸರ ತೋಟಕ್ಕೆ ಹೋಗಿ, ನಾಲ್ಕಾರು ಎಳೆಯ ಹುಳಗಳನ್ನು ಎಲೆಯಿಂದ ಬಿಡಿಸಿ ಮುಷ್ಟಿಯಲ್ಲಿ ಹಿಡಿದುಕೊಂಡ. ಕಣಜವನ್ನು ಹಾರಿಸಿ, ಇವನ್ನು ಜಾಡಿಯಲ್ಲಿ ಹಾಕಿದರಾಯಿತು. ನೋಡು, ಹುಳ ಬಂತು ಅಂದರೆ ಮುಗಿಯಿತು. ಸತ್ತವಳು ನೆಮ್ಮದಿಯಾಗಿರುತ್ತಾಳೆ.

ಹಿಂದಿರುಗುವ ದಾರಿ ಶೆಡ್ಡಿನ ಮುಂದೆಯೇ. ಪುಟ್ಟಿ ಬಾಗಿ ಬಕೆಟ್ಟಿನಲ್ಲಿ ಕಲೆಸುತ್ತಿದ್ದಳು. ಕೋಲು ಗಿಡ್ಡ, ಬಕೆಟ್ಟು ಆಳ. ಮಣಿಕಟ್ಟಿನವರೆಗೆ ಬಿಳಿ ನೀರು ತಾಗುತ್ತಿತ್ತು. ಮುಖಕ್ಕೆ ತಾಯಿಯ ಹಳೇ ವಸ್ತ್ರ ಸುತ್ತಿದ್ದಳು. ಅದು ಮೂಗಿನಿಂದ ಜಾರಿ ಕತ್ತಿಗೆ ಬಂದಿತ್ತು. ಅವಳು ಕೆಮ್ಮಿದಳು, ತೋಳಿನಿಂದ ಕಣ್ಣೊರೆಸಿಕೊಂಡಳು, ಗೋಡೆ ಹಿಡಿದುಕೊಂಡಳು.

"ಏನಾಯ್ತೇ?"

"ಏನಿಲ್ಲಪ್ಪ. ತಲೆ ಸ್ವಲ್ಪ ಸುತ್ತುತ್ತೆ. ಬಿಸಿಲಿಗಿರಬೇಕು."

ಸೂರ್ಯ ಇನ್ನೂ ಹುಟ್ಟಿರಲಿಲ್ಲ. ಶೆಡ್ಡಿನೊಳಗೆ ಮಬ್ಬು ಕತ್ತಲು. ತೋಟದ ಮೇಲೆ ತಣ್ಣನೆ ಇಬ್ಬನಿ ಇತ್ತು. ಕೋಸಣ್ಣ ಒಂದು ವರ್ಷದಿಂದ ಊರಿಗೆಲ್ಲ ಹೇಳಿದ ಮಾತನ್ನು ಮಗಳು ನಂಬಿದ್ದಳು. ನಂಬಿ, ತನಗೂ ಅದನ್ನೇ ಹೇಳಿಕೊಳ್ಳುತ್ತಿದ್ದಳು.

ಅವನ ಮುಷ್ಟಿ ಸಡಿಲಾಯಿತು. ಹುಳಗಳು ಎಲ್ಲಿ ಬಿದ್ದವೋ ಅವನು ನೋಡಲಿಲ್ಲ. ಮಗಳ ಎರಡೂ ಕೈ ಹಿಡಿದು ನಲ್ಲಿಯ ಹತ್ತಿರ ಎಳೆದುಕೊಂಡು ಹೋದ. ಸೋಪು ಹಚ್ಚಿ, ತಿಕ್ಕಿ, ನೀರು ಬಿಟ್ಟು ತೊಳೆದ. ಮತ್ತೆ ಸೋಪು ಹಚ್ಚಿದ. "ಸಾಕಪ್ಪ, ಹೋಯ್ತು" ಎಂದರೂ ಬಿಡಲಿಲ್ಲ. ಮುಖ, ಕಣ್ಣು ತೊಳೆಸಿದ. ಬಟ್ಟೆ ಬದಲಾಯಿಸಿ ಬಾ ಎಂದ. ಔಷಧಿಯ ಬಾಟಲಿಯನ್ನು ಚೀಲಕ್ಕೆ ಹಾಕಿಕೊಂಡ. ಹೋದ ವರ್ಷ ಡಾಕ್ಟರು ಕೇಳಿದ್ದು ಅವನಿಗೆ ಮರೆತಿರಲಿಲ್ಲ.

ಆಸ್ಪತ್ರೆಯಲ್ಲಿ ಡಾಕ್ಟರು ಪುಟ್ಟಿಯ ಕಣ್ಣಿಗೆ ಬೆಳಕು ಬಿಟ್ಟು ನೋಡಿದರು, ಉಸಿರು ನೋಡಿದರು, ಬಾಟಲಿಯ ಮೇಲಿನ ಹೆಸರು ಓದಿಕೊಂಡರು. "ಹೋದ ಸಲ ಬಿಸಿಲು ಅಂದಿದ್ರಿ" ಎಂದರು ಮೆಲ್ಲಗೆ. ಅವರಿಗೆ ಅವನ ಗುರುತು ಸಿಕ್ಕಿತ್ತು.

"ಸುಳ್ಳು ಸಾರ್" ಎಂದ ಕೋಸಣ್ಣ. "ಔಷಧಿ. ನಾನು ಹೊಡೀತಿದ್ದೆ, ಅವಳು ಕಲೆಸ್ತಿದ್ಲು."

ಡಾಕ್ಟರು ಬೈಯಲಿಲ್ಲ. ಮಗಳನ್ನು ಬೇಗ ಕರೆತಂದದ್ದು, ಬಾಟಲಿ ತಂದದ್ದು ಒಳ್ಳೆಯದಾಯಿತು ಎಂದಷ್ಟೇ ಹೇಳಿ, ಪುಟ್ಟಿಯನ್ನು ಮಂಚದ ಮೇಲೆ ಮಲಗಿಸಿದರು. ಅವರು ಬೈದಿದ್ದರೆ ಅವನಿಗೆ ಎಷ್ಟೋ ಹಗುರಾಗುತ್ತಿತ್ತು.

ಸುದ್ದಿ ತಿಳಿದು ನಾದಿನಿ ಓಡೋಡಿ ಬಂದಾಗ ಕೋಸಣ್ಣ ವಾರ್ಡಿನ ಹೊರಗಿನ ಬೆಂಚಿನ ಮೇಲೆ ಕೂತಿದ್ದ. "ಪುಟ್ಟಿಗೇನೂ ಭಯ ಇಲ್ವಂತೆ. ಸಂಜೆವರೆಗೆ ನೋಡ್ಕೊಂಡು ಕಳಿಸ್ತಾರಂತೆ" ಎಂದ. ಆಮೇಲೆ ನೆಲ ನೋಡುತ್ತಾ ಹೇಳಿದ, "ಜಾಡೀಲಿ ಹುಳ ಬರಲಿಲ್ಲ."

ಗೆದ್ದೆ ಎಂಬ ಭಾವ ನಾದಿನಿಯ ಮುಖದಲ್ಲಿ ಹುಡುಕಿದರೂ ಇರಲಿಲ್ಲ. ಅವಳು ಪಕ್ಕದಲ್ಲಿ ಕೂತಳು.

"ಹಾಗಾದ್ರೆ ಅವಳು ಸುಮ್ಸುಮ್ನೆ ಸತ್ತಳಾ?" ಎಂದ ಕೋಸಣ್ಣ. "ಹೇಳು. ಅಷ್ಟೊಂದು ಹೊಡೀಬೇಕಾಗೇ ಇರಲಿಲ್ವಾ? ಗಿಡ ಕೂಗಿ ಕರೆದವರನ್ನೆಲ್ಲ ನಾವೇ ಕೊಂದು, ಆಮೇಲೆ ಅವಳನ್ನೂ..."

ಮಾತು ಮುಗಿಸಲಾಗದೆ ಅವನು ಅತ್ತ. ದೊಡ್ಡ ಗಂಡಸು, ಆಸ್ಪತ್ರೆಯ ಪಡಸಾಲೆಯಲ್ಲಿ, ಹೋಗಿ ಬರುವವರೆಲ್ಲ ನೋಡುತ್ತಿರುವಾಗ, ಹೆಂಡತಿ ಸತ್ತ ದಿನವೂ ಅಳದಷ್ಟು ಅತ್ತ. ನಾದಿನಿಯೂ ಅತ್ತಳು. ಇಲ್ಲ ಭಾವ, ಹಾಗೇನಿಲ್ಲ ಎಂದು ಸುಳ್ಳು ಸಮಾಧಾನ ಹೇಳಲು ಅವಳಿಗೆ ಬಾಯಿ ಬರಲಿಲ್ಲ.

"ನಮಗೆ ಗೊತ್ತಿರಲಿಲ್ಲ ಭಾವ" ಎಂದಳು ಕಡೆಗೆ. "ಗೊತ್ತಿದ್ದ ನಾನು ಗಟ್ಟಿಯಾಗಿ ಹೇಳಲಿಲ್ಲ. ಇನ್ನು ಹೇಳೋಣ. ಸಾಲಿನಲ್ಲಿ ಇನ್ನೂ ಎಷ್ಟು ಜನ ಹೆಂಗಸರು ಆ ಡಬ್ಬಿ ಹಿಡ್ಕೊಂಡು ಓಡಾಡ್ತಿದ್ದಾರೆ. ಎಲ್ಲರ ಮನೇಲೂ ಒಂದು ಬಕೆಟ್ಟಿದೆ."

ಕೋಸಣ್ಣನಿಗೆ ಎಲ್ಲಕ್ಕಿಂತ ಕಷ್ಟವಾದದ್ದು ಇದು. ಪುಟ್ಟಿ ಔಷಧಿಯ ಬಕೆಟ್ಟು ಮುಟ್ಟುವುದು ಅಂದೇ ನಿಂತಿತು, ಅದಕ್ಕೆ ಅವನು ಎರಡು ಮಾತಾಡಲಿಲ್ಲ. ಆದರೆ ಊರಿನವರ ಮುಂದೆ ನಿಂತು, ನನ್ನ ಹೆಂಡತಿ ಕಲಿಸಿದ್ದು ತಪ್ಪು ಎನ್ನುವುದು ಹೇಗೆ? ಅವಳು ಬಿಟ್ಟುಹೋದ ಒಳ್ಳೆಯ ಹೆಸರೆಂದರೆ ಅದೊಂದೇ. ಕೆಲವು ದಿನ ಅವನು ಬಾಯಿಬಿಡಲಿಲ್ಲ. ತೋಟದ ಅಂಚಿನಲ್ಲಿ ಕೊತ್ತಂಬರಿ, ಸಾಸಿವೆಯನ್ನು ಕೀಳದೆ ಹೂವಾಗಲು ಬಿಟ್ಟ. ಕಣಜಗಳು ಹೂವಿನ ರಸ ಕುಡಿದು ಬದುಕುತ್ತವೆ ಎಂದು ನಾದಿನಿ ಹೇಳಿದ್ದಳು. ಗೂಡಿದ್ದ ಎಲೆಗಳನ್ನು ಹಾಗೇ ಬಿಟ್ಟ. ನಿಜವಾದ ಮೊಟ್ಟೆಗಳನ್ನು ಉಜ್ಜಿದ, ದಪ್ಪ ಹುಳ ಕಂಡರೆ ಕೈಯಲ್ಲೇ ಆರಿಸಿದ. ಎಲ್ಲ ಹುಳವೂ ಸತ್ತಿತು ಎಂದರೆ ಸುಳ್ಳಾಗುತ್ತದೆ. ಒಂದಷ್ಟು ಕೋಸು ಕೈಬಿಟ್ಟುಹೋಯಿತು. ಮೇಲಿನ ಎಲೆಗಳಲ್ಲಿ ತೂತು ಉಳಿಯಿತು. ಒಳಗಿನ ಕೋಸು ಮಾತ್ರ ಬಹುಪಾಲು ಗಟ್ಟಿಯಾಗೇ ಕೂತಿತು.

ಒಂದು ಬೆಳಗ್ಗೆ ಪಕ್ಕದ ತೋಟದವನ ಸೊಸೆ ಕೈಯಲ್ಲಿ ಡಬ್ಬಿ ಹಿಡಿದು, ಎಲೆ ಮಗುಚುತ್ತಾ ಬರುವುದು ಕಂಡಿತು. ಹೊಸದಾಗಿ ಮದುವೆಯಾಗಿ ಬಂದವಳು. ಆ ಮನೆಯಲ್ಲಿ ಔಷಧಿ ಕಲೆಸುವವಳೂ ಅವಳೇ. ಈಗ ಅವಳಿಗೆ ತಿಂಗಳು ತುಂಬುತ್ತಾ ಬಂದಿತ್ತು. ಕೋಸಣ್ಣ ಬೇಲಿಯ ಹತ್ತಿರ ಹೋಗಿ ನಿಂತ.

"ಅದನ್ನ ಬಿಸಿನೀರಿಗೆ ಹಾಕಬೇಡಮ್ಮ."

"ಯಾಕೆ ಮಾವ? ಇದು ಅಕ್ಕ ಹೇಳಿಕೊಟ್ಟಿದ್ದಲ್ವಾ?"

ಅಕ್ಕಪಕ್ಕದವರು ಒಬ್ಬೊಬ್ಬರಾಗಿ ಬಂದು ಬೇಲಿಯ ಹತ್ತಿರ ನಿಂತರು.

"ಅವಳು ಹೇಳಿಕೊಟ್ಟಿದ್ದು ತಪ್ಪು. ಹೊಗಳಿದ್ದು ನಾನು, ನಂದೂ ತಪ್ಪು. ಎಲೆ ಅಡಿ ಏನಿದೆ ಅಂತ ನಮಗೆಲ್ಲ ನೋಡಕ್ಕೆ ಕಲಿಸಿದ್ದು ಅವಳು. ಅವಳ ಕಣ್ಣು ಸರಿಯಾಗೇ ಕಂಡಿತ್ತು. ಅದೇನು ಅಂತ ಮಾತ್ರ ಅವಳಿಗೂ ಗೊತ್ತಿರಲಿಲ್ಲ, ನಮಗೂ ಗೊತ್ತಿರಲಿಲ್ಲ. ಅದು ಗಿಡ ಕರೆಸಿಕೊಂಡ ಕಣಜದ ಗೂಡು. ಅದನ್ನ ಬಿಟ್ರೆ ಔಷಧಿ ಕಮ್ಮಿ ಸಾಕಾಗುತ್ತೆ." ಅವನು ಎಲ್ಲರ ಮುಖ ನೋಡಿ ಹೇಳಿದ. "ಇನ್ನೊಂದು ಮಾತು. ನನ್ನ ಹೆಂಡತಿ ಬಿಸಿಲಿಗೆ ಸಾಯಲಿಲ್ಲ. ಔಷಧಿ ಕಲೆಸಿ ಸತ್ತಳು."

ಸೊಸೆ ಡಬ್ಬಿಯನ್ನು ನೆಲಕ್ಕಿಟ್ಟಳು. ಅವಳ ಮಾವ, ಅದೇ ಹುಳಕ್ಕೇ ಬೆಳೆದಿದ್ದೀಯಾ ಎಂದು ಕೆಣಕಿದವನು, ತಮ್ಮ ಶೆಡ್ಡಿಗೆ ಹೋಗಿ ಸೊಸೆ ಕಲೆಸಲು ಇಟ್ಟಿದ್ದ ಬಕೆಟ್ಟನ್ನು ತೆಗೆದು ಅವಳ ಕೈಗೆ ಸಿಗದಷ್ಟು ಮೇಲಿನ ಹಲಗೆಯಲ್ಲಿಟ್ಟ.

ಕೋಸಣ್ಣ ಈಗಲೂ ತೋಟದಿಂದ ತೋಟಕ್ಕೆ ಹೋಗಿ ಇದನ್ನು ಹೇಳುತ್ತಾನೆ. ಹೇಳುವಾಗಲೆಲ್ಲ ಅವಳು ಸತ್ತದ್ದನ್ನೂ ಹೇಳಬೇಕಾಗುತ್ತದೆ. ಹೇಳಿದ ದಿನ ಅವನಿಗೆ ಊಟ ಸೇರುವುದಿಲ್ಲ ಎಂದು ಪುಟ್ಟಿ ಹೇಳುತ್ತಾಳೆ.

ಓದುತ್ತಿರುವ, ಕೇಳುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ಎಲೆಯಲ್ಲಿ ತೂತು ಕಂಡ ಕೂಡಲೇ ಪಂಪಿಗೆ ಕೈ ಹಾಕಬೇಡಿ. ಮೊದಲು ಎಲೆ ಮಗುಚಿ ನೋಡಿ. ನೂಲು ಸುತ್ತಿದ ಹಳದಿ ಗೂಡು, ಸೊರಗಿದ ಹುಳ ಕಂಡರೆ ನಿಮ್ಮ ಗಿಡ ಕರೆದವರು ಬಂದಿದ್ದಾರೆ ಎಂದು ತಿಳಿಯಿರಿ, ಅವರಿಗೆ ಸ್ವಲ್ಪ ಕಾಲ ಕೊಡಿ. ಅನುಮಾನವಿದ್ದರೆ ಜಾಡಿಯಲ್ಲಿಟ್ಟು ನೀವೇ ನೋಡಿ. ಹೊಡೆಯಲೇಬೇಕಾಗಿ ಬಂದರೆ ಬಲ್ಲವರನ್ನು ಕೇಳಿ, ಹೇಳಿದಷ್ಟೇ ಹೊಡೆಯಿರಿ. ಬರಿಗೈಯಲ್ಲಿ ಕಲೆಸಬೇಡಿ, ಗಾಳಿಗೆದುರಾಗಿ ನಿಲ್ಲಬೇಡಿ, ಮಕ್ಕಳನ್ನೂ ಬಸುರಿಯರನ್ನೂ ಹತ್ತಿರ ಬಿಡಬೇಡಿ. ಯಾರಿಗಾದರೂ ತಲೆ ಸುತ್ತಿದರೆ, ಜೊಲ್ಲು ಸುರಿದರೆ, ಉಸಿರು ಕಟ್ಟಿದರೆ ಬಿಸಿಲಿನ ಮೇಲೆ ಹಾಕಬೇಡಿ. ಬಟ್ಟೆ ಬದಲಾಯಿಸಿ, ಮೈ ತೊಳೆದು, ಔಷಧಿಯ ಬಾಟಲಿ ಹಿಡಿದುಕೊಂಡು ಆಸ್ಪತ್ರೆಗೆ ಓಡಿ.

ಇಷ್ಟೆಲ್ಲ ನೆನಪಿನಲ್ಲಿ ಉಳಿಯದಿದ್ದರೆ ಒಂದು ಕೆಲಸ ಮಾಡಿ. ನಿಮ್ಮ ಮನೆಯಲ್ಲಿ ಔಷಧಿ ಕಲೆಸುವವರು ಯಾರು? ಇವತ್ತು ಮನೆಗೆ ಹೋದ ಮೇಲೆ ಅವರ ಪಕ್ಕದಲ್ಲಿ ಕೂತು, ಆ ಕೈಯನ್ನು ಒಮ್ಮೆ ಹಿಡಿದು ನೋಡಿ.